ಪುಟಗಳನ್ನು ಎಣಿಸುವ ಓದು

ಕಳೆದ ದೀಪಾವಳಿಯ ಮರುದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. 2001ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ತಂಡದವನು. ಈಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಜಾಲಗಳನ್ನು ನೋಡಿಕೊಳ್ಳುವ ಎಂಜಿನಿಯರ್. ತಲೆಯಲ್ಲಿ ಅಲ್ಲಲ್ಲಿ ನರೆ ಕಾಣಿಸಿಕೊಂಡಿದ್ದರೂ ಜಗುಲಿಯ ತುದಿಯಲ್ಲಿ ಕುಳಿತುಕೊಳ್ಳುವ ಸಂಕೋಚ ಮಾತ್ರ ಹತ್ತನೇ ತರಗತಿಯದ್ದೇ. ಕಾಫಿ ಮುಗಿದ ಮೇಲೆ ಜೇಬಿನಿಂದ ನಾಲ್ಕಾಗಿ ಮಡಿಸಿದ ಒಂದು ಹಾಳೆಯನ್ನು ತೆಗೆದು, "ಸಾರ್, ನಿಮಗೆ ಇದರ ವಿಷಯ ಬೇಡ, ಕ್ರಮ ಸರಿಯಿದೆಯೇ ಅಂತ ಮಾತ್ರ ನೋಡಿ" ಎಂದು ಕೈಗಿತ್ತ.

ಅದೊಂದು ವೇಳಾಪಟ್ಟಿ. ಎಡಗಡೆಗೆ ತಾರೀಖು, ನಡುವೆ ಪುಸ್ತಕದ ಅಧ್ಯಾಯ, ಬಲಗಡೆಗೆ ಪುಟಗಳ ಸಂಖ್ಯೆ. ದಿನಕ್ಕೆ 30 ಪುಟ, ವಾರಕ್ಕೆ ಏಳು ದಿನ, ಆರು ತಿಂಗಳಲ್ಲಿ ಎಲ್ಲ ಪುಸ್ತಕಗಳೂ ಮುಕ್ತಾಯ. ಕೊನೆಯ ಹದಿನೈದು ದಿನಗಳ ಎದುರು ಕೆಂಪು ಶಾಯಿಯಲ್ಲಿ 'ರಿವಿಜನ್' ಎಂದು ಬರೆದಿತ್ತು. ಕೆಂಪು ಗೆರೆಯ ಆ ಚೌಕವನ್ನು ಕಂಡೊಡನೆ ನನಗೆ ಎಲ್ಲೋ ನೋಡಿದ ನೆನಪು. ಎಲ್ಲೋ ಏನು, ನಾನೇ ಬರೆದದ್ದು! ಪ್ರತಿ ಡಿಸೆಂಬರಿನಲ್ಲಿ ಹತ್ತನೇ ತರಗತಿಯ ಗೋಡೆಗೆ ನಾನು ಅಂಟಿಸುತ್ತಿದ್ದ ಪಟ್ಟಿ ಅಚ್ಚುಹೊಡೆದಂತೆ ಹೀಗೆಯೇ ಇರುತ್ತಿತ್ತು. ಇಪ್ಪತ್ತು ವರ್ಷ ದಾಟಿದ ಮೇಲೂ ಆ ಹುಡುಗ ನನ್ನ ಪಟ್ಟಿಯನ್ನೇ ಹಿಡಿದುಕೊಂಡು ಓದುತ್ತಿದ್ದ. ಆ ಓದಿನಿಂದ ಎರಡು ಬಾರಿ ಪರೀಕ್ಷೆಯಲ್ಲಿ ಸೋತಿದ್ದ. ಈ ಬರಹಕ್ಕೆ ಕಾರಣ ಅದೇ.

ಆ ಪರೀಕ್ಷೆಯ ಹೆಸರು ಸಿಸಿಐಇ. ಸಿಸ್ಕೊ ಎಂಬ ಅಮೆರಿಕದ ಸಂಸ್ಥೆ 1993ರಲ್ಲಿ ಆರಂಭಿಸಿದ್ದು. ರೂಟರ್, ಸ್ವಿಚ್ ಮೊದಲಾದ ಯಂತ್ರಗಳಿಂದ ಜಾಲವನ್ನು ಕಟ್ಟಿ ನಡೆಸುವವರ ಪೈಕಿ ಪರಿಣತರು ಯಾರೆಂದು ಗುರುತಿಸುವುದು ಅದರ ಉದ್ದೇಶ. ತೇರ್ಗಡೆಯಾದ ಪ್ರತಿಯೊಬ್ಬನಿಗೂ ಒಂದು ಸಂಖ್ಯೆ ಸಿಗುತ್ತದೆ. ಆ ಎಣಿಕೆ ಶುರುವಾದದ್ದು ಒಂದರಿಂದಲ್ಲ, 1024ರಿಂದ. ಅದನ್ನೂ ಮನುಷ್ಯರಿಗೆ ಕೊಡದೆ ಪರೀಕ್ಷೆಯ ಪ್ರಯೋಗಾಲಯಕ್ಕೇ ಇಟ್ಟುಕೊಂಡರು. ಮೊದಲ ವ್ಯಕ್ತಿಗೆ ಸಿಕ್ಕಿದ್ದು 1025. ಎರಡರ ಹತ್ತನೇ ಘಾತ 1024 ಎಂಬುದು ನನ್ನ ವಿದ್ಯಾರ್ಥಿಗಳಿಗೆ ನೆನಪಿದ್ದೀತು. ದ್ವಿಮಾನ ಪದ್ಧತಿಯನ್ನು ಕಲಿಸುವಾಗ "ಇದು ಎಲ್ಲಿ ಉಪಯೋಗಕ್ಕೆ ಬರುತ್ತೆ ಸಾರ್?" ಎಂದು ಕೇಳಿದವರಿಗೆ ನಾನು ಅಂದು ಕೊಟ್ಟ ಉತ್ತರ ಸಪ್ಪೆಯಾಗಿತ್ತು. ಇಂದು ಕೇಳಿದರೆ, ನಿಮ್ಮ ಫೋನಿನ ವಿಳಾಸವೇ ಆ ಲೆಕ್ಕದ ಮೇಲೆ ನಿಂತಿದೆ ಎಂದು ಹೇಳುತ್ತೇನೆ.

ಪರೀಕ್ಷೆಗೆ ಎರಡು ಹಂತ. ಮೊದಲನೆಯದು ಎರಡು ಗಂಟೆಗಳ ಪ್ರಶ್ನೋತ್ತರ ಪರೀಕ್ಷೆ. ಅದನ್ನು ದಾಟಿದವರಿಗೆ ಪ್ರಯೋಗಾಲಯದಲ್ಲಿ ಎಂಟು ಗಂಟೆಗಳ ಪರೀಕ್ಷೆ. 2001ರವರೆಗೆ ಈ ಎರಡನೆಯದು ಎರಡು ದಿನ ನಡೆಯುತ್ತಿತ್ತು. ಬಳಿಕ ಒಂದು ದಿನಕ್ಕೆ ಇಳಿಯಿತು. 2020ರಲ್ಲಿ ಇಡೀ ವ್ಯವಸ್ಥೆಯನ್ನು ಬದಲಾಯಿಸಿದಾಗ ಎಂಟು ಗಂಟೆಗಳನ್ನು ಎರಡು ಭಾಗ ಮಾಡಿದರು. ಮೊದಲ ಮೂರು ಗಂಟೆ ವಿನ್ಯಾಸ. ಒಂದು ಕಂಪನಿಯ ಅಗತ್ಯಗಳನ್ನೂ ಪತ್ರವ್ಯವಹಾರವನ್ನೂ ಮುಂದಿಟ್ಟು ಜಾಲ ಹೇಗಿರಬೇಕು, ಏಕೆ ಹಾಗಿರಬೇಕು ಎಂದು ಕೇಳುತ್ತಾರೆ. ಒಂದು ಪ್ರಶ್ನೆಯನ್ನು ದಾಟಿದ ಮೇಲೆ ಹಿಂದಿರುಗಿ ಉತ್ತರವನ್ನು ತಿದ್ದುವಂತಿಲ್ಲ. ಉಳಿದ ಐದು ಗಂಟೆ ಕಟ್ಟುವುದು, ನಡೆಸುವುದು, ಕೆಟ್ಟದ್ದನ್ನು ಸರಿಪಡಿಸುವುದು. ಶುಲ್ಕ ಒಂದು ಬಾರಿಗೇ ಲಕ್ಷ ರೂಪಾಯಿಯನ್ನು ಮೀರುತ್ತದೆ. ಗೆದ್ದರೂ ಅದು ಶಾಶ್ವತವಲ್ಲ. ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು.

ಇಷ್ಟನ್ನು ಅವನ ಬಾಯಿಂದ ಕೇಳಿದ ಮೇಲೆ ನಾನು ಕೇಳಿದ ಪ್ರಶ್ನೆ ಒಂದೇ: "ಪರೀಕ್ಷೆಯಲ್ಲಿ ಎಂಟು ಗಂಟೆಯೂ ಯೋಚಿಸಿ ಕೆಲಸ ಮಾಡಬೇಕು ಅನ್ನುತ್ತೀಯ. ನಿನ್ನ ಪಟ್ಟಿಯಲ್ಲಿ ಓದುವುದು ಬಿಟ್ಟು ಬೇರೇನೂ ಇಲ್ಲವಲ್ಲಪ್ಪ, ಕೆಲಸ ಎಲ್ಲಿದೆ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲು ಓದಿ ಮುಗಿಸಿಬಿಟ್ಟರೆ ಆಮೇಲೆ ಮಾಡಬಹುದು ಅಂತ, ಸಾರ್" ಎಂದ. ಓದಿ ಮುಗಿಸುವುದು! ಈ ಮಾತನ್ನು ಕಲಿಸಿದವರೂ ನಾವೇ. "ಪೋರ್ಷನ್ ಮುಗಿಯಿತೇ?" ಎಂದು ಮುಖ್ಯೋಪಾಧ್ಯಾಯರು ನಮ್ಮನ್ನು ಕೇಳುತ್ತಿದ್ದರು, ನಾವು ಮಕ್ಕಳನ್ನು ಕೇಳುತ್ತಿದ್ದೆವು. ಪಾಠ ಮುಗಿಯಿತೇ ಎಂದು ಕೇಳಿದವರು ಬಹಳ; ಕಲಿಕೆ ಆರಂಭವಾಯಿತೇ ಎಂದು ಕೇಳಿದವರು ಕಡಿಮೆ.

ಆದ್ದರಿಂದ ನನ್ನ ಮೊದಲ ಅಭಿಪ್ರಾಯ ಇದು. ದೊಡ್ಡ ಪರೀಕ್ಷೆಗೆ ಓದುವವನು ಪುಟಗಳನ್ನು ಎಣಿಸಬಾರದು, ಮಾಡಿದ ಕೆಲಸಗಳನ್ನು ಎಣಿಸಬೇಕು. ಇದನ್ನು ಅವನ ವಿದ್ಯೆಯಿಂದಲೇ ಒಂದು ಉದಾಹರಣೆ ತೆಗೆದುಕೊಂಡು ಹೇಳುತ್ತೇನೆ. ತಪ್ಪಿದ್ದಲ್ಲಿ ಅವನೇ ತಿದ್ದಿದ್ದಾನೆ. ಜಾಲದಲ್ಲಿ ರೂಟರುಗಳು ಒಂದಕ್ಕೊಂದು ದಾರಿ ಹೇಳಿಕೊಳ್ಳಲು ಬಳಸುವ ಭಾಷೆಗಳಲ್ಲಿ ಓಎಸ್‌ಪಿಎಫ್ ಒಂದು. ಅಕ್ಕಪಕ್ಕದ ಎರಡು ರೂಟರುಗಳು ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ 'ಹಲೋ' ಎಂದು ಕೂಗಿಕೊಳ್ಳುತ್ತವೆ. 40 ಸೆಕೆಂಡು ಕೂಗು ಕೇಳಿಸದಿದ್ದರೆ ನೆರೆಯವನು ಇಲ್ಲವೆಂದು ತೀರ್ಮಾನಿಸುತ್ತವೆ. ಒಂದರಲ್ಲಿ 10, ಇನ್ನೊಂದರಲ್ಲಿ 15 ಎಂದು ಇಟ್ಟರೆ ಅವುಗಳ ನಡುವೆ ಸ್ನೇಹವೇ ಹುಟ್ಟುವುದಿಲ್ಲ. ಆದರೆ ಒಮ್ಮೆಗೆ ಎಷ್ಟು ದೊಡ್ಡ ಪೊಟ್ಟಣವನ್ನು ಕಳಿಸಬಹುದು ಎಂಬ ಮಿತಿ ಎರಡು ಕಡೆ ಬೇರೆಬೇರೆಯಾಗಿದ್ದರೆ ತೊಂದರೆ ಬೇರೆ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಪರಿಚಯವೇನೋ ಆಗುತ್ತದೆ, ಮಾಹಿತಿಯನ್ನು ವಿನಿಮಯ ಮಾಡಿಕೊಳ್ಳಲು ಹೊರಟಾಗ ಮಾತುಕತೆ ಹೊಸ್ತಿಲಲ್ಲೇ ನಿಂತುಬಿಡುತ್ತದೆ.

ಇದನ್ನು ಪುಸ್ತಕದಲ್ಲಿ ಓದಲು ಎರಡು ನಿಮಿಷ ಸಾಕು. ಓದಿದವನಿಗೆ ಗೊತ್ತಾಯಿತೆಂಬ ಸಮಾಧಾನವೂ ಆಗುತ್ತದೆ. ಆದರೆ ಪರೀಕ್ಷೆಯಲ್ಲಿ ಇಪ್ಪತ್ತು ರೂಟರುಗಳ ನಡುವೆ ಎಲ್ಲೋ ಒಂದು ಜೋಡಿ ಮಾತು ಬಿಟ್ಟಿರುತ್ತದೆ. ಏಕೆಂದು ಯಾರೂ ಹೇಳುವುದಿಲ್ಲ. ಆಗ ಲಕ್ಷಣವನ್ನು ನೋಡಿ ಕಾರಣಕ್ಕೆ ಹೋಗಬೇಕು. ಪುಸ್ತಕವೋ ಕಾರಣದಿಂದ ಲಕ್ಷಣಕ್ಕೆ ಹೋಗುತ್ತದೆ. ಇವೆರಡೂ ಒಂದೇ ದಾರಿಯಾದರೂ ನಡಿಗೆ ತಿರುಗುಮುರುಗು. ಗುಣಾಕಾರ ಬಂದವನಿಗೆಲ್ಲ ಅಪವರ್ತನ ಬರುವುದಿಲ್ಲ ಎಂಬುದನ್ನು ಮೂವತ್ತು ವರ್ಷ ಕಂಡವನು ನಾನು. ತಾನೇ ಬೇಕೆಂದು ಆ ಎರಡು ರೂಟರುಗಳ ಸ್ನೇಹವನ್ನು ಹತ್ತು ರೀತಿಯಲ್ಲಿ ಕೆಡಿಸಿ, ಪ್ರತಿ ಸಲವೂ ಪರದೆಯ ಮೇಲೆ ಏನು ಕಂಡಿತು ಎಂದು ಬರೆದಿಟ್ಟುಕೊಂಡವನಿಗೆ ಮಾತ್ರ ಹಿಂದುಮುಂದಾಗಿ ನಡೆಯಲು ಬರುತ್ತದೆ. ಇದಕ್ಕೆ ನಿಜವಾದ ಯಂತ್ರಗಳೇ ಬೇಕೆಂದೂ ಇಲ್ಲವಂತೆ. ಜಿಎನ್ಎಸ್3, ಈವ್-ಎನ್‌ಜಿ ಮೊದಲಾದ ತಂತ್ರಾಂಶಗಳು ಒಂದು ಕಂಪ್ಯೂಟರಿನೊಳಗೇ ಇಡೀ ಜಾಲವನ್ನು ಕಟ್ಟಿಕೊಡುತ್ತವೆ. ಹೀಗಾಗಿ ನಾನು ಅವನಿಗೆ ಹೇಳಿದ್ದು ಮೂರು ಮಾತು: ಕಟ್ಟು, ಕೆಡಿಸು, ಸರಿಪಡಿಸು. ಓದು ಇವುಗಳ ನಡುವೆ ಬೇಕಾದಾಗ ಬರಲಿ.

ಹಾಗಾದರೆ ಬಾಯಿಪಾಠ ಬೇಡವೇ? ಬೇಕು. ಈ ವಿಷಯದಲ್ಲಿ ಇಂದಿನ ಶಿಕ್ಷಣತಜ್ಞರಲ್ಲಿ ಕೆಲವರೊಡನೆ ನನಗೆ ಒಪ್ಪಿಗೆಯಿಲ್ಲ. ಮಗ್ಗಿ ಬಾರದವನು ಲೆಕ್ಕದ ಅರ್ಧದಲ್ಲಿ ಏಳೆಂಟಲ ಎಷ್ಟೆಂದು ಎಣಿಸುತ್ತ ಕೂತರೆ ಲೆಕ್ಕದ ದಾರಿಯೇ ತಪ್ಪಿಹೋಗುತ್ತದೆ. ಅವನ ವಿದ್ಯೆಯಲ್ಲೂ ಮಗ್ಗಿಗಳಿವೆ. ಒಂದೇ ಊರಿಗೆ ಹಲವು ಮೂಲಗಳಿಂದ ದಾರಿ ತಿಳಿದುಬಂದರೆ ಸಿಸ್ಕೊ ರೂಟರ್ ಯಾರನ್ನು ನಂಬಬೇಕೆಂಬುದಕ್ಕೆ ಸಂಖ್ಯೆಗಳಿವೆ: ನೇರ ಸಂಪರ್ಕಕ್ಕೆ 0, ಕೈಯಿಂದ ಬರೆದ ದಾರಿಗೆ 1, ಹೊರಗಿನ ಬಿಜಿಪಿಗೆ 20, ಓಎಸ್‌ಪಿಎಫ್‌ಗೆ 110. ಸಂಖ್ಯೆ ಚಿಕ್ಕದಾದಷ್ಟೂ ನಂಬಿಕೆ ಹೆಚ್ಚು. ಇಂಥವನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುವಂತಿರಬೇಕು. ಆದರೆ ಮಗ್ಗಿಯನ್ನು ನಾವು ಕಲಿತದ್ದು ಪುಸ್ತಕವನ್ನು ಮತ್ತೆ ಮತ್ತೆ ನೋಡಿ ಅಲ್ಲ. ಪುಸ್ತಕವನ್ನು ಮುಚ್ಚಿ, ಸಂಜೆ ದೀಪದ ಮುಂದೆ ಒಪ್ಪಿಸಿ. ವ್ಯತ್ಯಾಸ ಅಲ್ಲಿದೆ.

ನಮ್ಮ ಹಿರಿಯರು ಅನುಭವದಿಂದ ಕಂಡುಕೊಂಡದ್ದನ್ನು ವಿಜ್ಞಾನಿಗಳು ಅಳೆದೂ ನೋಡಿದ್ದಾರೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಉರುಹೊಡೆದು, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಲೆಕ್ಕವಿಟ್ಟು 1885ರಲ್ಲಿ ಪುಸ್ತಕ ಪ್ರಕಟಿಸಿದ. ಮರೆವು ಮೊದಲ ಕೆಲವು ಗಂಟೆಗಳಲ್ಲೇ ಧುಮುಕುತ್ತದೆ, ಬಳಿಕ ನಿಧಾನವಾಗುತ್ತದೆ ಎಂಬುದು ಅವನ ಶೋಧ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬಿಬ್ಬರು ಪ್ರಕಟಿಸಿದ ಪ್ರಯೋಗ ಇನ್ನೂ ಸ್ವಾರಸ್ಯಕರ. ಒಂದು ಗುಂಪಿನ ವಿದ್ಯಾರ್ಥಿಗಳು ಪಾಠವನ್ನು ಮತ್ತೆ ಮತ್ತೆ ಓದಿದರು. ಇನ್ನೊಂದು ಗುಂಪಿನವರು ಓದಿ, ಹಾಳೆಯನ್ನು ಮುಚ್ಚಿ, ನೆನಪಿದ್ದದ್ದನ್ನು ಬರೆದರು. ಐದು ನಿಮಿಷದ ಬಳಿಕ ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರದೇ ಮೇಲುಗೈ. ಒಂದು ವಾರದ ಬಳಿಕ ಪರೀಕ್ಷಿಸಿದಾಗ ಫಲಿತಾಂಶ ತಿರುಗಿತ್ತು: ಮುಚ್ಚಿ ಬರೆದವರು ಬಹಳ ಮುಂದಿದ್ದರು. ಓದಿದ ರಾತ್ರಿ ಎಲ್ಲವೂ ಬಂದಂತೆ ಅನಿಸಿ, ಪರೀಕ್ಷೆಯ ದಿನ ಏನೂ ಬಾರದೆ ಕಣ್ಣೀರು ಹಾಕಿದ ಎಷ್ಟೋ ಮಕ್ಕಳನ್ನು ನಾನು ಕಂಡಿದ್ದೇನೆ. ಅವರು ಸೋಮಾರಿಗಳಾಗಿರಲಿಲ್ಲ. ಅವರ ಓದಿನ ರೀತಿಯೇ ಅವರನ್ನು ನಂಬಿಸಿ ಕೈಬಿಟ್ಟಿತ್ತು.

ಎರಡನೆಯ ಅಭಿಪ್ರಾಯ ಸಮಯದ ಬಗ್ಗೆ. ಅವನ ಪಟ್ಟಿಯಲ್ಲಿ ಭಾನುವಾರವಿರಲಿಲ್ಲ, ಹಬ್ಬವಿರಲಿಲ್ಲ, ಜ್ವರವಿರಲಿಲ್ಲ, ನೆಂಟರ ಮದುವೆಯಿರಲಿಲ್ಲ. ಇಂಥ ಪಟ್ಟಿ ಮೂರನೆಯ ವಾರ ಮುರಿಯುತ್ತದೆ. ಮುರಿದ ಮೇಲೆ ಅದು ದಾರಿ ತೋರುವ ಬದಲು ದಿನವೂ ಹಂಗಿಸುತ್ತದೆ. ನಾವಿಬ್ಬರೂ ಆ ಹಾಳೆಯ ಹಿಂಬದಿಯಲ್ಲಿ ಹೊಸದಾಗಿ ಲೆಕ್ಕ ಹಾಕಿದೆವು. ಕಚೇರಿಯ ದಿನಗಳಲ್ಲಿ ಬೆಳಿಗ್ಗೆ ಒಂದೂವರೆ ಗಂಟೆ, ಐದು ದಿನಕ್ಕೆ ಏಳೂವರೆ. ಶನಿವಾರ ಐದು ಗಂಟೆ. ಒಟ್ಟು ವಾರಕ್ಕೆ 12.5 ಗಂಟೆ. ಭಾನುವಾರ ಮನೆಯವರದು. ವರ್ಷದ 52 ವಾರಗಳಲ್ಲಿ ಹಬ್ಬ, ಕಾಯಿಲೆ, ಕಚೇರಿಯ ತುರ್ತು, ಮಗಳ ಪರೀಕ್ಷೆ ಎಂದು 10 ವಾರ ಬಿಟ್ಟೆವು. ಉಳಿದ 42ರಲ್ಲಿ ಕೊನೆಯ 10 ವಾರಗಳು ಬೆರಕೆ ಅಭ್ಯಾಸಕ್ಕೆ, ಅಂದರೆ ಎಲ್ಲ ವಿಷಯಗಳೂ ಒಟ್ಟಿಗೆ ಬರುವ ಅಣಕು ಪರೀಕ್ಷೆಗಳಿಗೆ. ಹಿಂದಿನ 32 ವಾರಗಳಲ್ಲಿ ಸಿಗುವುದು ಸರಿಯಾಗಿ 400 ಗಂಟೆ.

ಈ 400ನ್ನು ಹಂಚುವುದು ಹೇಗೆ? ಪರೀಕ್ಷೆ ನಡೆಸುವವರೇ ಪಠ್ಯವಿವರವನ್ನೂ ಅದರ ತೂಕವನ್ನೂ ಪ್ರಕಟಿಸಿದ್ದಾರೆ. ಅವನು ಆರಿಸಿಕೊಂಡ ಎಂಟರ್‌ಪ್ರೈಸ್ ವಿಭಾಗದಲ್ಲಿ ಜಾಲದ ಮೂಲ ರಚನೆಗೆ ಶೇ. 30, ತಂತ್ರಾಂಶದಿಂದ ನಿಯಂತ್ರಿಸುವ ಜಾಲಕ್ಕೆ 25, ಸಾಗಣೆಯ ತಂತ್ರಗಳಿಗೆ 15, ಭದ್ರತೆ ಮತ್ತು ಸೇವೆಗಳಿಗೆ 15, ಸ್ವಯಂಚಾಲನೆಗೆ 15. ಹಾಗಾದರೆ 120, 100, 60, 60, 60 ಗಂಟೆ. ನಾಲ್ಕನೇ ತರಗತಿಯ ಲೆಕ್ಕ. ಆದರೆ ಅವನ ಹಳೆಯ ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ದಿನಗಳು ಮೂಲ ರಚನೆಗೇ ಹೋಗಿದ್ದವು. ಸ್ವಯಂಚಾಲನೆಗೆ ಸಿಕ್ಕಿದ್ದು ನಾಲ್ಕು ದಿನ. ಕಾರಣ ಕೇಳಿದರೆ ನಕ್ಕು, "ಮೂಲದ್ದು ನನಗೆ ಚೆನ್ನಾಗಿ ಬರುತ್ತೆ ಸಾರ್, ಓದೋಕೆ ಖುಷಿ" ಎಂದ. ಬರುವ ಲೆಕ್ಕವನ್ನೇ ಮತ್ತೆ ಮತ್ತೆ ಮಾಡಿ ನೋಟ್‌ಪುಸ್ತಕ ತುಂಬಿಸುವ ಹುಡುಗರನ್ನು ನೀವೂ ಕಂಡಿರಬಹುದು. ನಿಮ್ಮಲ್ಲಿ ಕೆಲವರು ಅಂಥವರೇ ಆಗಿದ್ದಿರಿ! ಆದ್ದರಿಂದ ತೂಕದ ಲೆಕ್ಕ ಕೇವಲ ಆರಂಭ. ಪ್ರತಿ ತಿಂಗಳ ಕೊನೆಯಲ್ಲಿ ತನ್ನನ್ನೇ ಪರೀಕ್ಷಿಸಿಕೊಂಡು, ಬರುವ ವಿಷಯದಿಂದ ಗಂಟೆಗಳನ್ನು ತೆಗೆದು ಬಾರದ ವಿಷಯಕ್ಕೆ ಹಾಕುತ್ತ ಹೋಗಬೇಕು.

ಕೊನೆಯ ಹತ್ತು ವಾರಗಳಲ್ಲಿ ಹದಿನೈದು ದಿನಕ್ಕೊಮ್ಮೆಯಾದರೂ ಎಂಟು ಗಂಟೆ ಒಂದೇ ಸಮನೆ ಕುಳಿತು ಅಭ್ಯಾಸ ಮಾಡಬೇಕೆಂದೂ ನಿರ್ಧರಿಸಿದೆವು. ಅವನ ಎರಡು ಸೋಲುಗಳಲ್ಲೂ ಮಧ್ಯಾಹ್ನದ ಮೇಲೆ ಕೈ ತಪ್ಪಿತ್ತಂತೆ. ಬೆಳಿಗ್ಗೆ ಒಂದೂವರೆ ಗಂಟೆಯ ಓದಿಗೆ ಪಳಗಿದ ಮನಸ್ಸು ಏಳನೆಯ ಗಂಟೆಯಲ್ಲಿ ದಣಿಯುವುದು ಸಹಜ. ಅದು ಜ್ಞಾನದ ಕೊರತೆಯಲ್ಲ, ರೂಢಿಯ ಕೊರತೆ.

ಈಗ ಹೇಳಲು ಕಷ್ಟವಾದ ಮಾತು. ಎರಡನೆಯ ಸಲ ಸೋತ ಮೇಲೆ ಪರಿಚಿತನೊಬ್ಬ ಅವನಿಗೆ, ಹಿಂದಿನ ಅಭ್ಯರ್ಥಿಗಳಿಂದ ಕದ್ದು ಸಂಗ್ರಹಿಸಿದ ಪ್ರಶ್ನೆಗಳ ಕಟ್ಟನ್ನು ಕೊಡಲು ಬಂದಿದ್ದನಂತೆ. ಇಂಥವಕ್ಕೆ 'ಡಂಪ್' ಎನ್ನುತ್ತಾರೆ. ಹಣ ಕೊಟ್ಟರೆ ಉತ್ತರದ ಸಮೇತ ಸಿಗುತ್ತವೆ. ಸಿಕ್ಕಿಬಿದ್ದರೆ ಪ್ರಮಾಣಪತ್ರ ಹೋಗುತ್ತದೆ. "ತೊಗೊಂಡಿಲ್ಲ ಸಾರ್. ಆದರೆ ತೊಗೊಂಡವರು ಪಾಸಾಗಿದ್ದಾರೆ. ನಾನೇ ದಡ್ಡನೇ ಅಂತ ಅನಿಸುತ್ತೆ" ಎಂದ. ಅದನ್ನು ಹೇಳುವಾಗ ಅವನ ದೃಷ್ಟಿ ನೆಲದ ಮೇಲಿತ್ತು.

ತಕ್ಷಣ ನೀತಿಬೋಧೆಗೆ ತೊಡಗುವುದು ಮೇಷ್ಟ್ರಿಗೆ ಸುಲಭ. ಆದರೆ ನಾನು ಏನು ಮಾಡಿದ್ದೆ? ಪ್ರತಿ ಫೆಬ್ರವರಿಯಲ್ಲಿ 'ಖಂಡಿತ ಬರುವ ಪ್ರಶ್ನೆಗಳು' ಎಂಬ ಪಟ್ಟಿಯನ್ನು ಸೈಕ್ಲೋಸ್ಟೈಲ್ ಮಾಡಿಸಿ ಹಂಚುತ್ತಿದ್ದೆ. ಪ್ರಮೇಯ ಅರ್ಥವಾಗದಿದ್ದರೆ ಉರುಹೊಡೆ, ನಾಲ್ಕು ಅಂಕ ಸಿಗುತ್ತದೆ ಎನ್ನುತ್ತಿದ್ದೆ. ಅದು ಕಳ್ಳತನವಲ್ಲ, ನಿಜ. ಹಳೆಯ ಪ್ರಶ್ನೆಪತ್ರಿಕೆಗಳಿಂದ ನಾನೇ ಊಹಿಸಿ ಬರೆದದ್ದು. ಶಾಲೆಯ ಫಲಿತಾಂಶ ಏರಿತು, ನನಗೆ ಹೊಗಳಿಕೆ ಸಿಕ್ಕಿತು. ಈ ಹುಡುಗನಿಗೂ ಗಣಿತದಲ್ಲಿ ನೂರಕ್ಕೆ 91 ಬಂದಿತ್ತು. ಆದರೆ ಪರೀಕ್ಷೆಯೆಂದರೆ ಪ್ರಶ್ನೆಯನ್ನು ಮೊದಲೇ ಊಹಿಸುವುದು ಎಂಬ ಪಾಠವನ್ನು ಅವನ ಮನಸ್ಸಿನಲ್ಲಿ ಬಿತ್ತಿದವನು ನಾನು. ಬಿತ್ತಿದ್ದು ಇಷ್ಟು ವರ್ಷಗಳ ಬಳಿಕ ನನ್ನ ಜಗುಲಿಗೇ ಬಂದು ಕುಳಿತಿತ್ತು. ಇದನ್ನು ಅವನಿಗೆ ಹೇಳಿದೆ. ಅವನು ಗಾಬರಿಯಾಗಿ, "ಹಾಗೆಲ್ಲ ಅನ್ನಬೇಡಿ ಸಾರ್" ಎಂದ. ಅನ್ನಬೇಕಾದದ್ದನ್ನು ಅನ್ನಲೇಬೇಕು.

ಕದ್ದ ಪ್ರಶ್ನೆಗಳಿಂದ ತೇರ್ಗಡೆಯಾದವನಿಗೆ ನಷ್ಟವೇನು ಎಂದು ಕೇಳಬಹುದು. ನಷ್ಟ ಅವನಿಗೆ ಮಾತ್ರವಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಜಗತ್ತಿನಾದ್ಯಂತ ಸುಮಾರು ಆರು ಗಂಟೆ ನಿಂತುಹೋದದ್ದು ನಿಮಗೆ ನೆನಪಿರಬಹುದು. ವಾಡಿಕೆಯ ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶ ಅವರ ಬೆನ್ನೆಲುಬಿನಂಥ ಜಾಲದ ಸಂಪರ್ಕಗಳನ್ನೆಲ್ಲ ಕಡಿದುಹಾಕಿತು. ಅಂಥ ತಪ್ಪನ್ನು ತಡೆಯಬೇಕಿದ್ದ ಸಾಧನದಲ್ಲೂ ದೋಷವಿತ್ತು. ಆಗ ಹೆಸರುಗಳನ್ನು ವಿಳಾಸಗಳಾಗಿ ಬದಲಿಸಿಕೊಡುವ ಅವರ ಯಂತ್ರಗಳು, ತಮ್ಮತ್ತ ಬರುವ ದಾರಿಯನ್ನು ಬಿಜಿಪಿಯ ಮೂಲಕ ಜಗತ್ತಿಗೆ ಸಾರುವುದನ್ನೇ ನಿಲ್ಲಿಸಿದವು. ದೂರದಿಂದ ಸರಿಪಡಿಸುವ ಮಾರ್ಗವೂ ಅದೇ ಜಾಲದ ಮೇಲಿದ್ದುದರಿಂದ ಮನುಷ್ಯರೇ ಯಂತ್ರಗಳಿರುವ ಕಟ್ಟಡಗಳಿಗೆ ಹೋಗಿ ಕೆಲಸ ಮಾಡಬೇಕಾಯಿತು. ಅಷ್ಟು ದೊಡ್ಡ ಸಂಸ್ಥೆಗೇ ಹೀಗಾದರೆ, ಒಂದು ಆಸ್ಪತ್ರೆಯ ಜಾಲ ರಾತ್ರಿ ಎರಡು ಗಂಟೆಗೆ ನಿಂತಾಗ ಅಲ್ಲಿ ಕುಳಿತವನಿಗೆ ನಿಜವಾಗಿ ವಿದ್ಯೆ ಬರುವುದೇ ಇಲ್ಲವೇ ಎಂಬುದು ಸಣ್ಣ ಪ್ರಶ್ನೆಯಲ್ಲ. ಆ ಹೊತ್ತಿನ ಪ್ರಶ್ನೆಪತ್ರಿಕೆ ಯಾವ ಕಟ್ಟಿನಲ್ಲೂ ಇರುವುದಿಲ್ಲ.

ಕೊನೆಗೆ ಅವನನ್ನು ಕೇಳಿದೆ: "ಮನೆಯಲ್ಲಿ ಏನಂತಾರೆ?" ಅವನ ಹೆಂಡತಿ ಎರಡು ವರ್ಷಗಳಿಂದ ಸಂಜೆಗಳನ್ನೂ ರಜೆಗಳನ್ನೂ ಒಬ್ಬಳೇ ನಿಭಾಯಿಸಿದ್ದಾಳೆ. ಶುಲ್ಕಕ್ಕೆ ಹೋದದ್ದು ಅವಳ ಉಳಿತಾಯವೂ ಹೌದು. ನನ್ನ ಮೂರನೆಯ ಅಭಿಪ್ರಾಯ ಇಲ್ಲಿಯದು. ಸಂಸಾರಸ್ಥನ ಓದಿನ ಯೋಜನೆಯನ್ನು ಒಬ್ಬನೇ ಬರೆಯಬಾರದು. ಯಾವ ಗಂಟೆ ಓದಿಗೆ, ಯಾವುದು ಮನೆಗೆ, ಎಷ್ಟು ಹಣ, ಎಷ್ಟು ಬಾರಿ ಎಂಬುದನ್ನು ಗಂಡಹೆಂಡಿರು ಕೂತು ನಿರ್ಧರಿಸಬೇಕು. ಎಲ್ಲಿ ನಿಲ್ಲಿಸುವುದು ಎಂಬುದನ್ನೂ ಮೊದಲೇ ಬರೆದಿಡಬೇಕು. ಈ ಬಾರಿಯೂ ಆಗದಿದ್ದರೆ ಅವನು ನಿಲ್ಲಿಸಬಹುದು, ಅದರಲ್ಲಿ ಅವಮಾನವಿಲ್ಲ. ಕಟ್ಟಿ, ಕೆಡಿಸಿ, ಸರಿಪಡಿಸಿದ ವಿದ್ಯೆಯನ್ನು ಯಾವ ಪರೀಕ್ಷಕನೂ ಕಿತ್ತುಕೊಳ್ಳಲಾರ. ಬರಿಯ ಪುಟ ಓದಿದವನು ಸೋತರೆ ಮಾತ್ರ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಹೊರಡುವಾಗ ಆ ಹಾಳೆಯನ್ನು ಮಡಿಸಿಕೊಳ್ಳುತ್ತ, "ಮಗಳು ಈ ವರ್ಷ ಹತ್ತನೇ ತರಗತಿ ಸಾರ್. ಅವಳಿಗೂ ಒಂದು ಟೈಮ್‌ಟೇಬಲ್ ಹಾಕಿಕೊಡಿ" ಎಂದು ಕೇಳಿದ. ಹಾಕಿಕೊಡಲಿಲ್ಲ. "ಅವಳನ್ನು ಒಂದು ಭಾನುವಾರ ಕರೆದುಕೊಂಡು ಬಾ. ಪುಸ್ತಕ ಬೇಡ. ಅವಳಿಗೆ ಬಾರದ ಐದು ಲೆಕ್ಕಗಳನ್ನು ತರಲಿ, ಅವಳು ಎಲ್ಲಿ ಎಡವುತ್ತಾಳೆ ಎಂದು ಇಬ್ಬರೂ ಕೂತು ನೋಡೋಣ" ಎಂದೆ.

ನನ್ನ ಕೈಯಿಂದ ಆ ಸೈಕ್ಲೋಸ್ಟೈಲ್ ಪಟ್ಟಿಯನ್ನು ಪಡೆದವರು ನಿಮ್ಮಲ್ಲಿ ಅನೇಕರಿದ್ದೀರಿ. ಕೆಲವರು ಅದನ್ನು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತೀರಿ ಎಂದು ಬಲ್ಲೆ. ಅಂದು ನಿಮಗೆ ಅಂಕ ಬಂದದ್ದು ಸಂತೋಷವೇ. ಆದರೆ ನಿಮ್ಮ ಮಕ್ಕಳಿಗೆ ಅಂಥದ್ದೊಂದು ಪಟ್ಟಿಯನ್ನು ಕೊಡುವ ಮುನ್ನ, ಪುಸ್ತಕ ಮುಚ್ಚಿ ಅವರು ಏನು ಮಾಡಿ ತೋರಿಸಬಲ್ಲರು ಎಂದು ಒಮ್ಮೆ ಕೇಳಿ ನೋಡಿ. ನಾನು ಕೇಳಬೇಕಿದ್ದ ಪ್ರಶ್ನೆ ಅದೇ ಆಗಿತ್ತು.